ಜೋಡಿ ಕುಣಿತದಲ್ಲಿ ಯಾರನ್ನು ನೋಡಬೇಕು?

(ಸಿನಿಮಾ ಆಸಕ್ತರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಅಲ್ಲಿ ತೋರಿಸಿದ ತುಣುಕುಗಳನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹಳೆಯ ಹಾಲಿವುಡ್ ಮ್ಯೂಸಿಕಲ್ (ಹಾಡು ಕುಣಿತದ ಸಿನಿಮಾ) ಅಂದ ಕೂಡಲೇ ಸುಮಾರು ಜನ ಮೂಗು ಮುರಿಯುತ್ತಾರೆ. ಕಥೆ ಅಷ್ಟಕ್ಕಷ್ಟೆ, ನಡುವೆ ಒಂದಷ್ಟು ಗೊಂದಲ, ಕೊನೆಗೆ ಮದುವೆ, ಇನ್ನೇನಿದೆ ಅದರಲ್ಲಿ ಅಂತ. ಅವರು ಹೇಳುವುದು ಸುಳ್ಳೇನಲ್ಲ. 1935ರ 'ಟಾಪ್ ಹ್ಯಾಟ್' ಕಥೆ ಹೇಳಲು ಕೂತರೆ ನನಗೇ ನಗು ಬರುತ್ತದೆ. ನಾಯಕನನ್ನು (ಫ್ರೆಡ್ ಆಸ್ಟೇರ್) ನಾಯಕಿ (ಜಿಂಜರ್ ರೋಜರ್ಸ್) ತನ್ನ ಗೆಳತಿಯ ಗಂಡ ಅಂದುಕೊಳ್ಳುತ್ತಾಳೆ. 'ನಿಮ್ಮ ಹೆಸರೇನು' ಅಂತ ಸರಿಯಾಗಿ ಒಮ್ಮೆ ಕೇಳಿದ್ದರೆ ಸಿನಿಮಾನೇ ಇರುತ್ತಿರಲಿಲ್ಲ. ಆದರೂ ಈ ಸಿನಿಮಾಗಳನ್ನು ಜನ ಇವತ್ತಿಗೂ ಹುಡುಕಿ ನೋಡುತ್ತಾರೆ. ಯಾಕೆಂದರೆ ಇವುಗಳಲ್ಲಿ ನಿಜವಾದ ಕಥೆ ನಡೆಯುವುದು ಆ ಇಬ್ಬರು ಕುಣಿಯಲು ಎದ್ದಾಗ.

ನಾನು ಹೇಳಬೇಕು ಅಂದುಕೊಂಡು ಬಂದಿರುವುದು ಒಂದೇ ವಿಷಯ. ಜೋಡಿ ಕುಣಿತ ನೋಡುವಾಗ ನಮ್ಮ ಕಣ್ಣು ಸಹಜವಾಗಿ ಹೆಚ್ಚು ಚುರುಕಾದ ಕಾಲಿನ ಕಡೆ ಹೋಗುತ್ತದೆ. ಒಮ್ಮೆ ಅದನ್ನು ಬಿಟ್ಟು, ಇನ್ನೊಬ್ಬರ ಕುಣಿತಕ್ಕೆ ಓಗೊಡುತ್ತಿರುವವರ ಕಡೆ ನೋಡಿ. ಜೋಡಿ ಅನ್ನುವುದು ಹುಟ್ಟುವುದು ಅಲ್ಲಿ.

ಈಗ ತಾನೇ ನೋಡಿದ 'ಟಾಪ್ ಹ್ಯಾಟ್' ತುಣುಕನ್ನೇ ತಗೊಳ್ಳಿ. ಲಂಡನ್ನಿನ ಒಂದು ಪಾರ್ಕು. ಜಿಂಜರ್ ರೋಜರ್ಸ್ ಕುದುರೆ ಸವಾರಿಯ ಉಡುಪಿನಲ್ಲಿದ್ದಾಳೆ. ಮಳೆ ಬರುತ್ತದೆ, ಬ್ಯಾಂಡಿನವರಿಗೆಂದು ಕಟ್ಟಿದ ಖಾಲಿ ಮಂಟಪದೊಳಗೆ ಸೇರಿಕೊಳ್ಳುತ್ತಾಳೆ. ಹಿಂದೆಯೇ ಫ್ರೆಡ್ ಆಸ್ಟೇರ್ ಬರುತ್ತಾನೆ. ಹಿಂದೊಂದು ರಾತ್ರಿ ಹೋಟೆಲಿನಲ್ಲಿ ಅವಳ ತಲೆಯ ಮೇಲಿನ ಕೋಣೆಯಲ್ಲಿ ಟಕಟಕ ಕುಣಿದು ನಿದ್ದೆ ಕೆಡಿಸಿದ್ದವನು. ಅವಳಿಗೆ ಅವನ ಮೇಲೆ ಸಿಟ್ಟಿದೆ, ಅಥವಾ ಸಿಟ್ಟಿದೆ ಅಂತ ತೋರಿಸಿಕೊಳ್ಳುವ ಹಟ ಇದೆ. ಅವನು ಹಾಡುತ್ತಾನೆ. ಅವಳು ಅವನಿಗೆ ಬೆನ್ನು ಹಾಕಿ ಕೂತಿದ್ದಾಳೆ. ಅವಳ ಮುಖ ಅವನಿಗೆ ಕಾಣುವುದಿಲ್ಲ, ನಮಗೆ ಕಾಣುತ್ತದೆ. ಅರ್ವಿಂಗ್ ಬರ್ಲಿನ್ ಅವರ ಆ ಹಾಡು ಮುಗಿಯುವಷ್ಟರಲ್ಲಿ ಆ ಮುಖ ನಿಧಾನಕ್ಕೆ ಸಡಿಲವಾಗಿರುತ್ತದೆ. ಇಷ್ಟಾದರೂ ಕುಣಿತ ಇನ್ನೂ ಶುರುವೇ ಆಗಿಲ್ಲ.

ಅವನು ಎದ್ದು ಸುಮ್ನೆ ಅಡ್ಡಾಡುತ್ತಾನೆ. ಅವಳು ಎದ್ದು ಹಿಂದೆ ಹೋಗುತ್ತಾಳೆ. ಜೇಬಿಗೆ ಕೈ ಹಾಕಿಕೊಂಡು, ಅವನದೇ ನಡಿಗೆಯನ್ನು ಅಣಕಿಸುತ್ತಾ. ಅವನು ಒಂದು ಹೆಜ್ಜೆ ಹಾಕಿ ನಿಲ್ಲುತ್ತಾನೆ. ಅವಳು ಅದನ್ನೇ ಹಾಕಿ ತೋರಿಸುತ್ತಾಳೆ. ಅವನು ತಿರುಗಿ ನೋಡುತ್ತಾನೆ. ಇನ್ನೊಂದು ಹೆಜ್ಜೆ, ಅದಕ್ಕೂ ಉತ್ತರ. ಆಮೇಲೆ ಇಬ್ಬರೂ ಅಕ್ಕಪಕ್ಕ ಕುಣಿಯುತ್ತಾರೆ, ಆದರೆ ಬಹಳ ಹೊತ್ತು ಒಬ್ಬರನ್ನೊಬ್ಬರು ಮುಟ್ಟುವುದಿಲ್ಲ. ಗುಡುಗುತ್ತದೆ, ವೇಗ ಏರುತ್ತದೆ, ಆಮೇಲಷ್ಟೇ ಕೈ ಹಿಡಿಯುತ್ತಾರೆ. ಕೊನೆಗೆ ಮಂಟಪದ ಅಂಚಿನಲ್ಲಿ ಕೂತು, ವ್ಯವಹಾರ ಕುದುರಿಸಿದವರ ಹಾಗೆ ಕೈಕುಲುಕುತ್ತಾರೆ. ಒಂದು ಮುತ್ತಿಲ್ಲ, ಪ್ರೀತಿಯ ಮಾತಿಲ್ಲ. ಆದರೆ ಮಂಟಪದೊಳಗೆ ಬರುವಾಗ ಇದ್ದ ಇಬ್ಬರು ಈಗ ಅಲ್ಲಿಲ್ಲ, ಅಲ್ವಾ?

ಗಮನಿಸಿ, ಅವಳು ಅವನನ್ನು ಅಣಕಿಸಿದ್ದರಿಂದಲೇ ಇದೆಲ್ಲ ಶುರುವಾಯಿತು. ಅವನೇ ಅವಳನ್ನು ಎಳೆದುಕೊಂಡು ಹೋಗಿ ಕುಣಿಸಿದ್ದರೆ ನಮಗೆ ಸಿಗುತ್ತಿದ್ದುದು ಒಳ್ಳೆಯ ಟ್ಯಾಪ್ (ಬೂಟಿನಿಂದ ನೆಲಕ್ಕೆ ಟಕಟಕ ಸದ್ದು ಮಾಡುತ್ತಾ ಕುಣಿಯುವುದು) ಅಷ್ಟೇ.

ಈ ಜೋಡಿ ಆಗಿದ್ದು ಆಕಸ್ಮಿಕ. ಆಸ್ಟೇರ್ ಹುಟ್ಟಿದ್ದು 1899ರಲ್ಲಿ, ಅಮೆರಿಕದ ಒಮಾಹಾ ಊರಲ್ಲಿ. ಚಿಕ್ಕಂದಿನಿಂದ ಅವರ ಜೊತೆ ಕುಣಿಯುತ್ತಿದ್ದುದು ಅಕ್ಕ ಅಡೆಲ್. ನ್ಯೂಯಾರ್ಕಿನಲ್ಲೂ ಲಂಡನ್ನಿನಲ್ಲೂ ನಾಟಕಮಂದಿರಗಳು ತುಂಬುತ್ತಿದ್ದುದು ಹೆಚ್ಚಾಗಿ ಅಡೆಲ್‌ಗಾಗಿ. 1932ರಲ್ಲಿ ಅಡೆಲ್ ಇಂಗ್ಲಿಷ್ ಲಾರ್ಡ್ ಒಬ್ಬರನ್ನು ಮದುವೆಯಾಗಿ ರಂಗ ಬಿಟ್ಟರು. ಇನ್ನು ಮೇಲೆ ಯಾರ ಜೋಡಿಯೂ ಆಗಬಾರದು ಅನ್ನುವ ಮನಸ್ಸು ಆಸ್ಟೇರ್‌ಗೆ. ಮರುವರ್ಷ ಆರ್‌ಕೆಓ ಸ್ಟುಡಿಯೊದ 'ಫ್ಲೈಯಿಂಗ್ ಡೌನ್ ಟು ರಿಯೊ'ದಲ್ಲಿ ಸಣ್ಣ ಪಾತ್ರ ಸಿಕ್ಕಿತು. ಹೆಸರುಗಳ ಪಟ್ಟಿಯಲ್ಲಿ ರೋಜರ್ಸ್ ನಾಲ್ಕನೆಯವರು, ಆಸ್ಟೇರ್ ಐದನೆಯವರು. ನಾಯಕಿ ಡೊಲೊರೆಸ್ ದೆಲ್ ರಿಯೊ. ಜನ ನೆನಪಿಟ್ಟುಕೊಂಡಿದ್ದು ಮಾತ್ರ ನಾಲ್ಕು ಮತ್ತು ಐದನ್ನು. 1939ರೊಳಗೆ ಇಬ್ಬರೂ ಸೇರಿ ಆ ಸ್ಟುಡಿಯೊಗೆ ಒಂಬತ್ತು ಸಿನಿಮಾ ಮಾಡಿದರು.

ಇಲ್ಲಿ ಕ್ಯಾಮೆರಾದ ವಿಷಯ ಹೇಳಲೇಬೇಕು. ಆಗ ಹಾಲಿವುಡ್‌ನಲ್ಲಿ ಹವಾ ಇದ್ದದ್ದು ನೃತ್ಯ ನಿರ್ದೇಶಕ ಬಸ್ಬಿ ಬರ್ಕ್ಲಿಯವರದ್ದು. 1933ರ 'ಫಾರ್ಟಿಸೆಕೆಂಡ್ ಸ್ಟ್ರೀಟ್' ನೋಡಿ. ಮೇಲಿನಿಂದ ಕ್ಯಾಮೆರಾ, ಕೆಳಗೆ ಹತ್ತಾರು ಹುಡುಗಿಯರು ರಂಗೋಲಿಯ ಹಾಗೆ ಅರಳಿ ಮುಚ್ಚುತ್ತಾರೆ. ನೋಡಲು ಚೆಂದವೇ. ಆದರೆ ಅಲ್ಲಿ ಕುಣಿಯುವುದು ಕ್ಯಾಮೆರಾ ಮತ್ತು ಎಡಿಟಿಂಗ್ ಮೇಜು. ಆ ಹುಡುಗಿಯರಲ್ಲಿ ಒಬ್ಬಳಿಗೆ ಕುಣಿಯಲು ಬರದಿದ್ದರೂ ನಮಗೆ ಗೊತ್ತಾಗುವುದಿಲ್ಲ.

ಆಸ್ಟೇರ್ ಇದಕ್ಕೆ ಪೂರ್ತಿ ಉಲ್ಟಾ ನಿಂತರು. ಕುಣಿಯುವಾಗ ತಲೆಯಿಂದ ಪಾದದವರೆಗೆ ಇಡೀ ಮೈ ಕಾಣಬೇಕು. ಆದಷ್ಟು ಕಟ್ ಇರಬಾರದು. ನಡುನಡುವೆ ನೋಡುಗರ ಮುಖ ತೋರಿಸಬಾರದು, ಬರೀ ಕಾಲಿನ ಕ್ಲೋಸಪ್ಪೂ ಬೇಡ. ಕ್ಯಾಮೆರಾ ಸುಮ್ನೆ ಜೋಡಿಯ ಜೊತೆ ಅತ್ತಿತ್ತ ಸರಿಯುತ್ತಿರಲಿ ಸಾಕು. ಇದಕ್ಕಾಗಿ ಅವರು ಪಟ್ಟು ಹಿಡಿದರು, ಸ್ಟುಡಿಯೊ ಒಪ್ಪಿತು.

ಇದು ತಂತ್ರಜ್ಞರಿಗೆ ಮಾತ್ರ ಬೇಕಾದ ವಿಷಯ ಅಂದುಕೊಳ್ಳಬೇಡಿ. ಒಬ್ಬರು ಹೆಜ್ಜೆ ಹಾಕಿದಾಗ ಇನ್ನೊಬ್ಬರ ಭುಜ, ಕತ್ತು, ಕಣ್ಣು ಏನು ಮಾಡುತ್ತಿದೆ ಅಂತ ಕಾಣಬೇಕಾದರೆ ಇಬ್ಬರೂ ಒಂದೇ ಚೌಕಟ್ಟಿನಲ್ಲಿ ಇರಲೇಬೇಕು. ಕಟ್ ಮಾಡಿದ ಕೂಡಲೇ ಆ ಉತ್ತರವನ್ನು ಕೊಟ್ಟವರು ಎಡಿಟರ್ ಆಗಿಬಿಡುತ್ತಾರೆ. ನಮ್ಮ ಈಗಿನ ಸಿನಿಮಾ ಹಾಡುಗಳಲ್ಲಿ ಒಂದು ಸಾಲಿಗೆ ಮೂರು ನಾಲ್ಕು ಕಟ್, ಎರಡು ಊರು, ಎರಡು ಡ್ರೆಸ್ಸು. ಅದರಲ್ಲೂ ಮಜಾ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಆ ಇಬ್ಬರ ನಡುವೆ ಏನಾದರೂ ನಡೆಯಿತಾ ಅಂತ ಹೇಳುವುದು ಕಷ್ಟ.

ಹೀಗೆ ಒಂದೇ ಉಸಿರಿನಲ್ಲಿ ತೆಗೆಯುವುದಕ್ಕೆ ಬೆಲೆ ತೆರಬೇಕಿತ್ತು. ಎಲ್ಲೋ ಕೊನೆಯಲ್ಲಿ ಒಂದು ಸುತ್ತು ತಪ್ಪಿದರೆ ಮೊದಲಿನಿಂದ ಶುರು. 1936ರ 'ಸ್ವಿಂಗ್ ಟೈಮ್' ಸಿನಿಮಾದ ಕೊನೆಯ ಕುಣಿತಕ್ಕೆ 40ಕ್ಕೂ ಹೆಚ್ಚು ಟೇಕ್ ಆಯಿತು ಅನ್ನುತ್ತಾರೆ. ರೋಜರ್ಸ್ ಅವರ ಪಾದದಿಂದ ರಕ್ತ ಬಂದು ಬಿಳಿ ಶೂ ಕೆಂಪಾಗಿತ್ತು. ಆ ಕುಣಿತವನ್ನು ನಾನು ಇಡೀ ಜೋಡಿಯ ಕೆಲಸದಲ್ಲಿ ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಅವಳು ಬೇರೆಯವನನ್ನು ಮದುವೆಯಾಗಲು ಹೊರಟಿದ್ದಾಳೆ. ಖಾಲಿ ನೈಟ್‌ಕ್ಲಬ್, ಎರಡು ಕಡೆ ಬಳಸಿ ಏರುವ ಮೆಟ್ಟಿಲು. ಇಬ್ಬರೂ ಮೊದಲು ಕುಣಿಯುವುದೇ ಇಲ್ಲ, ಭಾರವಾಗಿ ನಡೆಯುತ್ತಾರೆ ಅಷ್ಟೇ. ಆಮೇಲೆ ಸಿನಿಮಾದಲ್ಲಿ ಹಿಂದೆ ಖುಷಿಯಲ್ಲಿ ಕುಣಿದಿದ್ದ ಹೆಜ್ಜೆಗಳ ತುಣುಕುಗಳು ಒಂದೊಂದಾಗಿ ಮರಳಿ ಬರುತ್ತವೆ. ಅದೇ ಹೆಜ್ಜೆ, ಈಗ ಬೇರೆಯೇ ಅರ್ಥ. ಮೆಟ್ಟಿಲ ಮೇಲೆ ರಭಸದ ಸುತ್ತುಗಳು, ಅದು ಮುಗಿಯುತ್ತಿದ್ದಂತೆ ಅವಳು ಓಡಿ ಹೋಗುತ್ತಾಳೆ. ಬೇರೆ ಸಿನಿಮಾಗಳಲ್ಲಿ ಕುಣಿತ ಅವಳನ್ನು ಒಲಿಸುತ್ತದೆ. ಇಲ್ಲಿ ಸೋಲುತ್ತದೆ. ಕುಣಿತ ಸೋಲಬಹುದು ಅಂತಾದರೆ ಮಾತ್ರ ಅದಕ್ಕೆ ಕಥೆಯಲ್ಲಿ ತೂಕ ಬರುತ್ತದೆ ಅನ್ನುವುದು ನನ್ನ ಅನಿಸಿಕೆ.

ಗರಿಯ ಗೌನಿನ ಪ್ರಸಂಗವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಗೊತ್ತಿರುವವರು ಬಿಡುವುದಿಲ್ಲ. 'ಟಾಪ್ ಹ್ಯಾಟ್'ನಲ್ಲಿ 'ಚೀಕ್ ಟು ಚೀಕ್' ಹಾಡಿಗೆ ರೋಜರ್ಸ್ ಉಷ್ಟ್ರಪಕ್ಷಿಯ ಗರಿ ಪೋಣಿಸಿದ ನೀಲಿ ಗೌನು ಹಾಕಿ ಬಂದರು. ಸುತ್ತು ಹೊಡೆದಾಗಲೆಲ್ಲ ಗರಿ ಉದುರಿ ಆಸ್ಟೇರ್ ಕಣ್ಣು ಮೂಗಿಗೆಲ್ಲ ಹಾರುತ್ತಿತ್ತು. ಸೆಟ್ಟಿನಲ್ಲಿ ರಂಪವಾಯಿತು. ಗೌನು ಬದಲಿಸಿ ಅಂದರು. ರೋಜರ್ಸ್ ಜಗ್ಗಲಿಲ್ಲ. ರಾತ್ರಿಯೆಲ್ಲ ಗರಿಗಳನ್ನು ಗಟ್ಟಿಯಾಗಿ ಹೊಲಿದರು, ಅದೇ ಗೌನಿನಲ್ಲಿ ಚಿತ್ರೀಕರಣವಾಯಿತು. ಸರಿಯಾಗಿ ನೋಡಿದರೆ ಒಂದೆರಡು ಗರಿ ಈಗಲೂ ತೇಲುವುದು ಕಾಣುತ್ತದೆ. ಆಮೇಲೆ ಆಸ್ಟೇರ್, ರೋಜರ್ಸ್ ಅವರಿಗೆ ಚಿನ್ನದ ಸಣ್ಣ ಗರಿಯೊಂದನ್ನು ಉಡುಗೊರೆ ಕೊಟ್ಟು, 'ಫೆದರ್ಸ್' ಅಂತಲೇ ಕರೆಯತೊಡಗಿದರು. ಈ ಕಥೆಯನ್ನು ಎಲ್ಲರೂ ತಮಾಷೆಗೆ ಹೇಳುತ್ತಾರೆ. ಆದರೆ ರೋಜರ್ಸ್ ಹಟ ಸರಿಯಾಗಿತ್ತು. ಹಿಂದಕ್ಕೆ ಬಾಗಿದಾಗ ಆ ಗರಿಗಳೂ ಒಂದು ಗಳಿಗೆ ತಡವಾಗಿ ಬಾಗುತ್ತವೆ. ಅದಿಲ್ಲದೆ ಆ ಕುಣಿತ ಊಹಿಸಿಕೊಳ್ಳಿ ನೋಡೋಣ.

ಈ ಜೋಡಿಯಲ್ಲಿ ತೆರೆಯ ಮೇಲೆ ಕಾಣದ ಮೂರನೆಯವರು ಒಬ್ಬರಿದ್ದರು, ನೃತ್ಯ ನಿರ್ದೇಶಕ ಹರ್ಮೀಸ್ ಪ್ಯಾನ್. ಹೆಜ್ಜೆಗಳನ್ನು ಕಟ್ಟುವಾಗ ವಾರಗಟ್ಟಲೆ ಕೋಣೆಯಲ್ಲಿ ಇರುತ್ತಿದ್ದುದು ಆಸ್ಟೇರ್, ಪ್ಯಾನ್, ಪಿಯಾನೊ ನುಡಿಸುವ ಹಾಲ್ ಬೋರ್ನ್. ರೋಜರ್ಸ್ ಹೆಜ್ಜೆಗಳನ್ನು ಮೊದಲು ಕುಣಿಯುತ್ತಿದ್ದುದು ಪ್ಯಾನ್. ರೋಜರ್ಸ್ ಬೇರೆ ಸಿನಿಮಾ ಮುಗಿಸಿ ಬಂದ ಮೇಲೆ ಪ್ಯಾನ್ ಅದನ್ನು ಹೇಳಿಕೊಡುತ್ತಿದ್ದರು. ಇನ್ನೊಂದು ವಿಷಯ. ಟ್ಯಾಪ್ ಸದ್ದನ್ನು ಹೆಚ್ಚಾಗಿ ಆಮೇಲೆ ಬೇರೆಯಾಗಿ ರೆಕಾರ್ಡ್ ಮಾಡುತ್ತಿದ್ದರು. ರೋಜರ್ಸ್ ಕಾಲಿನ ಸದ್ದು ಅಂತ ನಾವು ಕೇಳುವುದು ಎಷ್ಟೋ ಸಲ ಪ್ಯಾನ್ ಕಾಲಿನದ್ದು.

ಹಾಗಾದರೆ ರೋಜರ್ಸ್ ಮಾಡಿದ್ದೇನು? ಆಸ್ಟೇರ್ ಮಾಡಿದ್ದನ್ನೆಲ್ಲ ಅವರೂ ಮಾಡಿದರು, ಅದೂ ಹಿಮ್ಮುಖವಾಗಿ, ಹೈ ಹೀಲ್ಸ್‌ನಲ್ಲಿ ಅನ್ನುವ ಮಾತನ್ನು ನೀವೆಲ್ಲ ಕೇಳಿರುತ್ತೀರಿ. ಅದು ಬಂದಿದ್ದು 1982ರಲ್ಲಿ, ಬಾಬ್ ಥೇವ್ಸ್ ಅವರ ಒಂದು ವ್ಯಂಗ್ಯಚಿತ್ರದಲ್ಲಿ. ಮಾತು ಚುರುಕಾಗಿದೆ, ಒಳ್ಳೆಯ ಉದ್ದೇಶಕ್ಕೇ ಬಳಸುತ್ತಾರೆ. ಆದರೆ ನನಗೆ ಅದು ರೋಜರ್ಸ್ ಅವರನ್ನು ಕಡಿಮೆ ಮಾಡಿದ ಹಾಗೆ ಕಾಣುತ್ತದೆ. ಆಸ್ಟೇರ್ ಮಾಡಿದ್ದನ್ನೆಲ್ಲ ಅವರು ಮಾಡಲಿಲ್ಲ. ಒಂಟಿ ಕುಣಿತಗಳಲ್ಲಿ ಆಸ್ಟೇರ್ ಮಾಡಿದ್ದು ಬೇರೆ ಯಾರಿಂದಲೂ ಆಗುವಂಥದ್ದಲ್ಲ. ಆದರೆ ರೋಜರ್ಸ್ ಮಾಡಿದ್ದು ಆಸ್ಟೇರ್ ಕೈಲೂ ಆಗುತ್ತಿರಲಿಲ್ಲ. ಕುಣಿತ ಶುರುವಾದ ಮೇಲೂ ಅವರು ನಟಿಸುವುದನ್ನು ನಿಲ್ಲಿಸಲಿಲ್ಲ. ಮನಸ್ಸು ಬದಲಾಗುತ್ತಿರುವುದು ಹೆಜ್ಜೆ ಹೆಜ್ಜೆಗೂ ಮುಖದಲ್ಲಿ, ಬೆನ್ನಿನಲ್ಲಿ ಕಾಣುತ್ತದೆ. 1934ರ 'ದಿ ಗೇ ಡಿವೋರ್ಸಿ'ಯಲ್ಲಿ 'ನೈಟ್ ಅಂಡ್ ಡೇ' ಹಾಡಿದೆ. ಅವಳು ಎದ್ದು ಹೋಗಲು ನೋಡುತ್ತಾಳೆ, ಅವನು ತಡೆಯುತ್ತಾನೆ. ಕೊನೆಗೆ ಅವಳನ್ನು ಕೂರಿಸಿ, ಕೈ ಕೊಡವಿಕೊಂಡು, ಸಿಗರೇಟು ಬೇಕಾ ಅಂತ ಕೇಳುತ್ತಾನೆ. ಆಗ ಅವಳು ಅವನನ್ನು ನೋಡುವ ನೋಟ ಇದೆಯಲ್ಲ, ಏನಾಯಿತು ಅಂತ ಇನ್ನೂ ತಿಳಿಯದವಳ ನೋಟ, ಅದಿಲ್ಲದಿದ್ದರೆ ಅವನ ಕುಣಿತ ಬರೀ ಜಂಬದ ಹಾಗೆ ಕಾಣುತ್ತಿತ್ತು. ಇದೇ ರೋಜರ್ಸ್ ಕುಣಿತವನ್ನು ಬಿಟ್ಟು ಬರೀ ನಟನೆಗೆ 'ಕಿಟಿ ಫಾಯ್ಲ್' ಸಿನಿಮಾದಲ್ಲಿ ಆಸ್ಕರ್ ಪಡೆದರು. ನನಗೆ ಆಶ್ಚರ್ಯವೇನೂ ಆಗಲಿಲ್ಲ.

ಈ ಮಾತಿಗೆ ಪುರಾವೆ ಬೇಕು ಅನ್ನುವವರಿಗೆ ಎಲಿನರ್ ಪವೆಲ್ ಇದ್ದಾರೆ. ಟ್ಯಾಪ್‌ನಲ್ಲಿ ರೋಜರ್ಸ್‌ಗಿಂತ ಎಷ್ಟೋ ಪಾಲು ಮೇಲು. ಆಸ್ಟೇರ್‌ಗೆ ಸರಿಸಮ ಅಂದರೂ ತಪ್ಪಿಲ್ಲ. 'ಬ್ರಾಡ್‌ವೇ ಮೆಲಡಿ ಆಫ್ 1940' ಸಿನಿಮಾದಲ್ಲಿ ಇಬ್ಬರೂ 'ಬಿಗಿನ್ ದ ಬಿಗೀನ್' ರಾಗಕ್ಕೆ ಕನ್ನಡಿಯಂಥ ನೆಲದ ಮೇಲೆ ಕುಣಿಯುತ್ತಾರೆ. ತನಿ ಆವರ್ತನದಲ್ಲಿ ಮೃದಂಗದವರೂ ಖಂಜಿರದವರೂ ಒಬ್ಬರಿಗೊಬ್ಬರು ಸವಾಲು ಹಾಕಿಕೊಂಡು, ಕೊನೆಗೆ ಒಟ್ಟಿಗೆ ಮುಕ್ತಾಯಕ್ಕೆ ಬಂದು ಬೀಳುತ್ತಾರಲ್ಲ, ಥೇಟ್ ಹಾಗೆ. ಕೈ ತಾನಾಗಿ ಚಪ್ಪಾಳೆ ತಟ್ಟುತ್ತದೆ. ಆದರೆ ಕುಣಿತ ಮುಗಿದ ಮೇಲೆ ಆ ಇಬ್ಬರ ನಡುವೆ ಏನೂ ಬದಲಾಗಿರುವುದಿಲ್ಲ. ಇಬ್ಬರು ಉಸ್ತಾದರು ಭೇಟಿಯಾದರು, ಹೋದರು. ಇದರಲ್ಲಿ ಪವೆಲ್ ಅವರ ಕೊರತೆ ಏನಿಲ್ಲ. ಕಲೆ ಬೇರೆ, ಜೋಡಿ ಬೇರೆ.

ರೀಟಾ ಹೇವರ್ತ್ ಜೊತೆಗಿನ ಆಸ್ಟೇರ್ ಅವರ ಎರಡು ಸಿನಿಮಾ, 1941 ಮತ್ತು 1942ರವು, ಬಿಡುವಾದಾಗ ನೋಡಿ. ಹೇವರ್ತ್ ನರ್ತಕರ ಮನೆತನದಿಂದ ಬಂದವರು, ಕುಣಿತದಲ್ಲಿ ಬೇರೆಯೇ ಹುರುಪಿದೆ. ಜೀನ್ ಕೆಲ್ಲಿ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಮಹಾ ಕಲಾವಿದ. ಆದರೆ ಅವರಿಗೆ ಜೊತೆಗಾರ ಯಾರು ಅನ್ನುವುದು ಅಷ್ಟು ಮುಖ್ಯವಾಗಿರಲಿಲ್ಲ. 1945ರ 'ಆಂಕರ್ಸ್ ಅವೇ'ಯಲ್ಲಿ ಟಾಮ್ ಅಂಡ್ ಜೆರ್ರಿಯ ಜೆರ್ರಿ ಇಲಿಯ ಜೊತೆಗೇ ಕುಣಿದು ಸೈ ಅನ್ನಿಸಿಕೊಂಡರು!

ರೋಜರ್ಸ್ ನಂತರ ಆಸ್ಟೇರ್ ಅವರ ನಿಜವಾದ ಜೋಡಿ ನನಗೆ ಕಾಣುವುದು 1953ರ 'ದಿ ಬ್ಯಾಂಡ್ ವ್ಯಾಗನ್'ನಲ್ಲಿ, ಸಿಡ್ ಷರೀಸ್ ಜೊತೆ. ಅವನು ವಯಸ್ಸಾಗುತ್ತಿರುವ ಸಿನಿಮಾ ಕುಣಿತಗಾರ, ಅವಳು ಬ್ಯಾಲೆ ಕಲಿತವಳು. ಇಬ್ಬರಿಗೂ ಇನ್ನೊಬ್ಬರೆಂದರೆ ಒಳಗೊಳಗೇ ಹೆದರಿಕೆ. ಒಟ್ಟಿಗೆ ಕುಣಿಯಲು ಆಗುತ್ತದಾ ಅಂತ ನೋಡಲು ಸೆಂಟ್ರಲ್ ಪಾರ್ಕಿಗೆ ಹೋಗುತ್ತಾರೆ. ಬಿಳಿ ಬಟ್ಟೆ, ಸಾದಾ ಬೂಟು. ಜನರ ಗುಂಪನ್ನು ದಾಟಿ ನಡೆಯುತ್ತಾರೆ, ಮಾತೇ ಇಲ್ಲ. ನಡಿಗೆ ಯಾವಾಗ ಕುಣಿತವಾಯಿತು ಅಂತ ಹೇಳಲು ನಿಮಗೆ ಆಗುವುದಿಲ್ಲ. ಮುಗಿದಾಗ ಮತ್ತೆ ಕುದುರೆ ಗಾಡಿ ಹತ್ತಿ ಕೂರುತ್ತಾರೆ. ಇಡೀ ಸಿನಿಮಾದ ತೊಡಕು ಈ ಕೆಲವೇ ನಿಮಿಷಗಳಲ್ಲಿ ಬಿಚ್ಚಿಕೊಂಡಿರುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಅರ್ಧ ಮಾತ್ರ. ಇಬ್ಬರ ನಡುವೆ ಏನಾದರೂ ನಡೆಯುವಂಥ ಕುಣಿತ ಆ ಕಾಲದ ಅಮೆರಿಕದಲ್ಲಿ ಯಾರಿಗೆ ಸಿಗುತ್ತಿತ್ತು? ಟ್ಯಾಪ್ ಬೆಳೆದದ್ದೇ ಹೆಚ್ಚಾಗಿ ಕಪ್ಪು ಜನರ ಕಾಲಲ್ಲಿ. ಆಸ್ಟೇರ್ ಕೂಡ ಜಾನ್ ಬಬಲ್ಸ್ ಅವರಂಥ ಕಪ್ಪು ಕಲಾವಿದರಿಂದ ಕಲಿತವರೇ. 'ಸ್ವಿಂಗ್ ಟೈಮ್'ನಲ್ಲಿ ಅಂಥ ಕಲಾವಿದರಿಗೆ ಗೌರವ ಸಲ್ಲಿಸಲು ಮುಖಕ್ಕೆ ಮಸಿ ಬಳಿದುಕೊಂಡು ಕುಣಿದಿದ್ದಾರೆ. ಉದ್ದೇಶ ಏನೇ ಇರಲಿ, ಈಗ ನೋಡಿದರೆ ಇರುಸುಮುರುಸಾಗುತ್ತದೆ, ಆಗಬೇಕಾದ್ದೇ. ನಾನು ಎಲ್ಲಕ್ಕಿಂತ ಮೇಲೆ ಇಟ್ಟ ಕುಣಿತವೂ ಅದೇ ಸಿನಿಮಾದಲ್ಲಿದೆ. ಎರಡನ್ನೂ ಒಟ್ಟಿಗೇ ನೋಡಬೇಕು.

ಬಬಲ್ಸ್‌ಗಿಂತ ಹಿರಿಯರು ಬಿಲ್ ರಾಬಿನ್‌ಸನ್. 1878ರಲ್ಲಿ ಹುಟ್ಟಿದವರು, ಮೆಟ್ಟಿಲ ಮೇಲಿನ ಟ್ಯಾಪ್‌ಗೆ ಹೆಸರುವಾಸಿ. 1935ರ 'ದಿ ಲಿಟಲ್ ಕರ್ನಲ್' ಸಿನಿಮಾದಲ್ಲಿ ಅವರ ಜೋಡಿ ಯಾರು ಗೊತ್ತಾ? ಶರ್ಲಿ ಟೆಂಪಲ್, ಏಳು ವರ್ಷ ಕೂಡ ತುಂಬದ ಮಗು. ಕಥೆಯಲ್ಲಿ ಅವರು ಮನೆಯ ಆಳು, ಅವಳು ಯಜಮಾನನ ಮೊಮ್ಮಗಳು. ಮಲಗಲು ಹೋಗುವುದಿಲ್ಲ ಅಂತ ಮಗು ಹಟ ಮಾಡುತ್ತದೆ. ಅವರು ಮೆಟ್ಟಿಲ ಮೇಲೆ ಕುಣಿಯುತ್ತಾ ತೋರಿಸುತ್ತಾರೆ. ಮಗು ಬಂದು ಕೈ ಹಿಡಿದುಕೊಳ್ಳುತ್ತದೆ, ಇಬ್ಬರೂ ಮೇಲಕ್ಕೆ ಹೋಗುತ್ತಾರೆ.

ಇಲ್ಲಿ ಮಗುವಿನ ಕಾಲು ನೋಡಿ. ರಾಬಿನ್‌ಸನ್ ಹೆಜ್ಜೆಯ ಅಷ್ಟು ಸದ್ದುಗಳನ್ನು ಆ ಪುಟ್ಟ ಕಾಲು ತೆಗೆಯುವುದು ಕಷ್ಟ. ಅದಕ್ಕೆ ಅವರು ಒಂದು ಉಪಾಯ ಹೇಳಿಕೊಟ್ಟರು. ಮೆಟ್ಟಿಲಿನ ಎದುರು ಹಲಗೆಗೆ ಬೆರಳ ತುದಿಯಿಂದ ಒದ್ದರೆ ಒಂದು ಸದ್ದು ಹೆಚ್ಚಿಗೆ ಸಿಗುತ್ತದೆ. ಅಷ್ಟು ದೊಡ್ಡ ಕಲಾವಿದ, ಮಗುವಿಗೆ ಹೊಂದುವ ಹಾಗೆ ತನ್ನ ಕಲೆಯನ್ನೇ ಮರುಜೋಡಿಸಿ, ಎಲ್ಲೂ ತಗ್ಗಿದ ಹಾಗೆ ಕಾಣದಂತೆ ಕುಣಿಯುತ್ತಾರೆ. ಓಗೊಡುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಬಳಿ ಇಲ್ಲ. ಹಾಲಿವುಡ್ ಸಿನಿಮಾದಲ್ಲಿ ಕಪ್ಪು ಮತ್ತು ಬಿಳಿ ಜನ ಜೋಡಿಯಾಗಿ ಕುಣಿದದ್ದು ಇದೇ ಮೊದಲು ಅನ್ನುತ್ತಾರೆ. ಒಬ್ಬರು ವಯಸ್ಸಾದವರು, ಆಳು, ಇನ್ನೊಬ್ಬಳು ಮಗು ಅಂತಲೇ ಅದಕ್ಕೆ ಅನುಮತಿ ಸಿಕ್ಕಿದ್ದು. ಅಷ್ಟಾದರೂ ವರ್ಣಭೇದ ಕಟ್ಟುನಿಟ್ಟಾಗಿದ್ದ ಅಮೆರಿಕದ ದಕ್ಷಿಣ ರಾಜ್ಯಗಳ ಥಿಯೇಟರ್‌ಗಳಿಗಾಗಿ ಕೈ ಹಿಡಿದ ಭಾಗಕ್ಕೆ ಕತ್ತರಿ ಬಿತ್ತು.

ಆ ಕತ್ತರಿಯೇ ನಿಕೊಲಸ್ ಸೋದರರ ಕಥೆಯನ್ನೂ ಬರೆಯಿತು. ಅಣ್ಣ ಫಯಾರ್ಡ್, ತಮ್ಮ ಹೆರಾಲ್ಡ್, ಇಬ್ಬರೂ ಕಪ್ಪು ಕುಣಿತಗಾರರು. 1943ರ 'ಸ್ಟಾರ್ಮಿ ವೆದರ್'ನಲ್ಲಿ ಕ್ಯಾಬ್ ಕ್ಯಾಲೊವೇ ಆರ್ಕೆಸ್ಟ್ರಾದ ನಡುವೆ ಹಾರಿ, ದೊಡ್ಡ ಮೆಟ್ಟಿಲುಗಳ ಮೇಲೆ ಒಬ್ಬರ ತಲೆಯ ಮೇಲಿಂದ ಇನ್ನೊಬ್ಬರು ನೆಗೆದು, ಎರಡೂ ಕಾಲು ಚಾಚಿ ಕೆಳಗಿನ ಮೆಟ್ಟಿಲಿಗೆ ಬೀಳುತ್ತಾರೆ. ಮತ್ತೆ ಕೈಯೂರದೆ ಎದ್ದು ನಿಲ್ಲುತ್ತಾರೆ! ಆಸ್ಟೇರ್ ಇದನ್ನು ತಾನು ಸಿನಿಮಾದಲ್ಲಿ ಕಂಡ ಅತಿ ಶ್ರೇಷ್ಠ ಕುಣಿತ ಅಂದಿದ್ದರಂತೆ. ಇಲ್ಲಿಯೂ ಬರೀ ನೆಗೆತ ನೋಡಬೇಡಿ. ಅಣ್ಣನ ಕೈ ನೋಡಿ, ಅಷ್ಟು ವೇಗದಲ್ಲೂ ಎಷ್ಟು ಹಗುರ. ಒಬ್ಬರು ಇಳಿಯುವ ಗಳಿಗೆಯನ್ನು ಇನ್ನೊಬ್ಬರು ತಿರುಗಿ ನೋಡದೆಯೇ ತಿಳಿದಿರುತ್ತಾರೆ.

ಇಂಥವರಿಗೆ ಸಿನಿಮಾಗಳಲ್ಲಿ ಪಾತ್ರವೇ ಇರುತ್ತಿರಲಿಲ್ಲ. ಬರುತ್ತಾರೆ, ಕುಣಿಯುತ್ತಾರೆ, ಹೋಗುತ್ತಾರೆ. 1941ರ 'ಸನ್ ವ್ಯಾಲಿ ಸೆರೆನೇಡ್' ನೋಡಿ, ಡೊರೊಥಿ ಡ್ಯಾಂಡ್ರಿಜ್ ಜೊತೆ ಅಮೋಘವಾಗಿ ಕುಣಿಯುತ್ತಾರೆ, ಆದರೆ ಕಥೆಗೂ ಅದಕ್ಕೂ ಸಂಬಂಧವೇ ಇಲ್ಲ. ಕಥೆಯಿಂದ ಬೇರ್ಪಡಿಸಿ ಇಟ್ಟರೆ ದಕ್ಷಿಣದಲ್ಲಿ ಸಲೀಸಾಗಿ ಕತ್ತರಿಸಬಹುದು, ಸಿನಿಮಾಗೆ ಏನೂ ಆಗುವುದಿಲ್ಲ. 1948ರ 'ದಿ ಪೈರೇಟ್'ನಲ್ಲಿ ಜೀನ್ ಕೆಲ್ಲಿ ಈ ಸೋದರರ ಜೊತೆ ಕುಣಿದರು. ಅದನ್ನೂ ಕೆಲವು ಕಡೆ ತೆಗೆದುಹಾಕಿದರು. ರೋಜರ್ಸ್ ಮತ್ತು ಆಸ್ಟೇರ್ ಕುಣಿತವನ್ನು ತೆಗೆದರೆ ಕಥೆ ಕುಸಿಯುತ್ತದೆ ಅಂತ ನಾನು ಆಗ ಹೊಗಳಿದೆ. ಹಾಗೆ ಕಥೆಯ ಒಳಗೆ ಕುಣಿಯುವ ಹಕ್ಕು ಈ ಸೋದರರಿಗೆ ಸಿಗಲಿಲ್ಲ. ಅಮೆರಿಕದಲ್ಲಿ ಕಲಾವಿದರಿಗೆ ಕೊಡುವ ದೊಡ್ಡ ಗೌರವವಾದ ಕೆನಡಿ ಸೆಂಟರ್ ಗೌರವ ಬಂದಿದ್ದು 1991ರಲ್ಲಿ, ಇಬ್ಬರೂ ಮುದುಕರಾದ ಮೇಲೆ.

ಉಪನ್ಯಾಸದ ನಂತರ ಎರಡು ಪ್ರಶ್ನೆ ಬಂದವು. ಮೊದಲನೆಯದು ನಿರೀಕ್ಷಿಸಿದ್ದೇ: ರೋಜರ್ಸ್ ಮತ್ತು ಆಸ್ಟೇರ್ ನಡುವೆ ನಿಜ ಜೀವನದಲ್ಲಿ ಏನಾದರೂ ಇತ್ತಾ? ಆಸ್ಟೇರ್ 1933ರಲ್ಲೇ ಮದುವೆಯಾಗಿದ್ದರು. ರೋಜರ್ಸ್ ಅವರದ್ದು ಬೇರೆಯೇ ಬದುಕು. ತೆರೆಯ ಮೇಲೆ ಸರಿಯಾದ ಮುತ್ತು ಬಂದಿದ್ದೇ 1938ರ 'ಕೇರ್‌ಫ್ರೀ'ಯಲ್ಲಿ, ಅದೂ ಸ್ಲೋ ಮೋಷನ್‌ನಲ್ಲಿ. 1939ರಲ್ಲಿ ಆ ಒಂಬತ್ತು ಸಿನಿಮಾ ಮುಗಿದ ಹತ್ತು ವರ್ಷದ ನಂತರ, 1949ರಲ್ಲಿ, 'ದಿ ಬಾರ್ಕ್ಲೀಸ್ ಆಫ್ ಬ್ರಾಡ್‌ವೇ'ಗಾಗಿ ಮತ್ತೆ ಸೇರಿದರು. ಜೂಡಿ ಗಾರ್ಲಂಡ್ ಮಾಡಬೇಕಿದ್ದ ಪಾತ್ರಕ್ಕೆ ರೋಜರ್ಸ್ ಬಂದರು. ಅಷ್ಟು ದಿನ ಬಿಟ್ಟು ಸೇರಿದರೂ ಒಬ್ಬರ ಉಸಿರು ಇನ್ನೊಬ್ಬರಿಗೆ ಗೊತ್ತಿತ್ತು.

ಎರಡನೆಯದು, ಯಾವುದರಿಂದ ನೋಡಲು ಶುರು ಮಾಡಬೇಕು? 'ಸ್ವಿಂಗ್ ಟೈಮ್'ನ ಕುಣಿತದ ಶಾಲೆಯ ದೃಶ್ಯದಿಂದ ಅಂದೆ. ರೋಜರ್ಸ್ ಅಲ್ಲಿ ಟೀಚರ್, ಆಸ್ಟೇರ್ ಕುಣಿಯಲು ಬರದವನ ಹಾಗೆ ನಟಿಸುತ್ತಾನೆ. ಅವಳ ಕೆಲಸ ಹೋಗುತ್ತದೆ. ಅದನ್ನು ಉಳಿಸಲು ಅವಳು ಏನೆಲ್ಲ ಕಲಿಸಿದಳು ನೋಡಿ ಅಂತ ಮಾಲೀಕನ ಮುಂದೆ ಕುಣಿದು ತೋರಿಸುತ್ತಾನೆ. ಎರಡು ಸಲ ನೋಡಿ. ಮೊದಲ ಸಲ ನಿಮ್ಮ ಕಣ್ಣು ಆಸ್ಟೇರ್ ಕಾಲಿಗೇ ಹೋಗುತ್ತದೆ, ಹೋಗಲಿ ಬಿಡಿ. ಎರಡನೆಯ ಸಲ ಪೂರ್ತಿ ರೋಜರ್ಸ್ ಮುಖವನ್ನೇ ನೋಡಿ. ಆದರೆ ಫೋನಿನಲ್ಲಿ ಬೇಡ, ಅಷ್ಟು ಚಿಕ್ಕ ಪರದೆಯಲ್ಲಿ ಇಡೀ ಮೈ ಕಾಣುವ ಶಾಟ್‌ನಲ್ಲಿ ಮುಖ ಬಟಾಣಿ ಕಾಳಿನಷ್ಟು ಆಗಿಬಿಡುತ್ತದೆ.